ತಿಂಗಳು ತುಂಬದ ಕೂಸುಗಳು

ನಮ್ಮ ಪಕ್ಷದ ತಾಲೂಕು ಸಮಿತಿಯ ಕಾರ್ಯಕರ್ತನೊಬ್ಬ ಒಂದೂವರೆ ತಿಂಗಳು ಸಭೆಗಳಿಗೆ ಬರಲಿಲ್ಲ. ಪತ್ರಿಕೆಯ ಚಂದಾ ಹಣವನ್ನೂ ಕಳಿಸಲಿಲ್ಲ. ಅವನ ಮೇಲೆ ಶಿಸ್ತಿನ ಕ್ರಮವಾಗಬೇಕೆಂದು ಸಂಗಾತಿಗಳಿಬ್ಬರು ಕಾಗದ ಬರೆದರು. ವಿಚಾರಿಸಿದಾಗ ತಿಳಿದುದೇನೆಂದರೆ, ಆ ಮನುಷ್ಯ ಅಷ್ಟೂ ದಿನ ಜಿಲ್ಲಾ ಆಸ್ಪತ್ರೆಯ ಅಟ್ಟದ ಮೇಲಿನ ಒಂದು ಗಾಜಿನ ಬಾಗಿಲ ಮುಂದೆ ಕುಳಿತಿದ್ದ. ಒಳಗೆ ಅವನ ಅವಳಿ ಮಕ್ಕಳಿದ್ದವು. ಗಂಡು 1,300 ಗ್ರಾಂ, ಹೆಣ್ಣು 1,150 ಗ್ರಾಂ. ಎರಡನ್ನೂ ಕೂಡಿಸಿದರೂ ನಮ್ಮ ಸಂತೆಯ ಮೂರು ಸೇರು ರಾಗಿಯಷ್ಟು ತೂಗುತ್ತಿರಲಿಲ್ಲ.

ಒಂಬತ್ತು ತಿಂಗಳು ತುಂಬುವ ಮೊದಲೇ, ಎಂದರೆ 37 ವಾರಕ್ಕೆ ಮುಂಚೆ ಹುಟ್ಟಿದ ಕೂಸನ್ನು ವೈದ್ಯರು ಅಕಾಲ ಶಿಶು ಎನ್ನುತ್ತಾರೆ. 2020ರಲ್ಲಿ ಜಗತ್ತಿನಲ್ಲಿ ಹೀಗೆ ಹುಟ್ಟಿದ ಕೂಸುಗಳು ಸುಮಾರು 1 ಕೋಟಿ 34 ಲಕ್ಷ. ಅವುಗಳಲ್ಲಿ ಸುಮಾರು 30 ಲಕ್ಷ ನಮ್ಮ ದೇಶದವು. ಬೇರಾವ ದೇಶದಲ್ಲಿಯೂ ಇಷ್ಟಿಲ್ಲ. ಆದರೂ ನಮ್ಮ ಹಳ್ಳಿಗಳಲ್ಲಿ ಇದು ಹಣೆಬರಹದ ಮಾತಾಗಿಯೇ ಉಳಿದಿದೆ. ಏಳು ತಿಂಗಳ ಕೂಸು ಬದುಕುತ್ತದೆ, ಎಂಟು ತಿಂಗಳದು ಬದುಕುವುದಿಲ್ಲ ಎಂಬ ಮಾತನ್ನು ಓದುಬರಹ ಬಲ್ಲವರೂ ಆಡುತ್ತಾರೆ. ಶಾಲೆಯಲ್ಲಿ ಪಾಠ ಹೇಳುತ್ತಿದ್ದಾಗ ಜತೆಯ ಮೇಷ್ಟ್ರ ಬಾಯಲ್ಲೇ ನಾವಿದನ್ನು ಕೇಳಿದ್ದೇವೆ. ಇದು ಶುದ್ಧ ಸುಳ್ಳು. ತಾಯ ಗರ್ಭದಲ್ಲಿ ಕಳೆದ ಪ್ರತಿಯೊಂದು ವಾರವೂ ಕೂಸಿನ ಶ್ವಾಸಕೋಶಕ್ಕೆ ಲಾಭವೇ.

ನಮ್ಮ ಕಾರ್ಯಕರ್ತನ ಹೆಂಡತಿಗೆ 31ನೆಯ ವಾರದಲ್ಲಿ ಒಂದು ಸಂಜೆ ನೋವು ಕಾಣಿಸಿತು. ಹತ್ತಿರದ ಆರೋಗ್ಯ ಕೇಂದ್ರದವರು ಆಂಬುಲೆನ್ಸ್ ಕರೆಸಿ ಸಾಗಹಾಕಿದರು. ಸಾಗಹಾಕುವ ಮೊದಲು ಮಾಡಬಹುದಾದ ಒಂದು ಕೆಲಸವನ್ನು ಮಾಡಲಿಲ್ಲ. ಅವಧಿಗೆ ಮೊದಲೇ ಹೆರಿಗೆಯಾಗುವ ತಾಯಿಗೆ ಸ್ಟೀರಾಯ್ಡ್ ಚುಚ್ಚುಮದ್ದು ಕೊಟ್ಟರೆ ಹೊಟ್ಟೆಯೊಳಗಿನ ಕೂಸಿನ ಶ್ವಾಸಕೋಶ ಬೇಗ ಬಲಿಯುತ್ತದೆಂದು ನ್ಯೂಜಿಲೆಂಡಿನ ಲಿಗಿನ್ಸ್ ಮತ್ತು ಹೌಯೀ ಎಂಬ ವೈದ್ಯರು 1972ರಲ್ಲಿಯೇ ತೋರಿಸಿಕೊಟ್ಟರು. ಔಷಧಿಗೆ ತಗಲುವುದು ಕೆಲವೇ ರೂಪಾಯಿ. ವೈದ್ಯರಿಲ್ಲದ ಕಡೆ ದಾದಿಯರೇ ಮೊದಲ ಚುಚ್ಚುಮದ್ದು ಕೊಡಬಹುದೆಂದು ಭಾರತ ಸರಕಾರವೇ 2014ರಲ್ಲಿ ಅಪ್ಪಣೆ ಕೊಟ್ಟಿತು. ಆ ಸಂಜೆ ಔಷಧಿ ಇರಲಿಲ್ಲವೋ, ಕೊಡುವ ಧೈರ್ಯ ಇರಲಿಲ್ಲವೋ, ಹೇಳುವವರು ಯಾರೂ ಸಿಕ್ಕಲಿಲ್ಲ.

ಜಿಲ್ಲಾ ಆಸ್ಪತ್ರೆಯ ನವಜಾತ ಶಿಶು ಘಟಕದಲ್ಲಿ 12 ಹಾಸಿಗೆ, ಅಂದು ಇದ್ದ ಕೂಸುಗಳು 19. ಒಂದೊಂದು ಕಾವುಯಂತ್ರದ ಕೆಳಗೆ ಎರಡೆರಡು ಮಲಗಿದ್ದವು. ಜಾಗವಿಲ್ಲವೆಂದು ಹೇಳಿ, ಅದೇ ಊರಿನ ಖಾಸಗಿ ನರ್ಸಿಂಗ್ ಹೋಮ್ ಒಂದಕ್ಕೆ ಕಳಿಸಿದರು. ಅಲ್ಲಿ ಮೊದಲು ಕೇಳಿದ್ದು ಕೂಸಿನ ಉಸಿರಾಟವನ್ನಲ್ಲ, ಮುಂಗಡವನ್ನು. ಬಡವರ ಚಿಕಿತ್ಸೆಗೆ ವರ್ಷಕ್ಕೆ 5 ಲಕ್ಷದವರೆಗೆ ಸರಕಾರ ಕೊಡುವ ಆಯುಷ್ಮಾನ್ ಕಾರ್ಡು ಅವನ ಜೇಬಿನಲ್ಲಿತ್ತು. ಸರಕಾರಿ ಆಸ್ಪತ್ರೆಯ ಶಿಫಾರಸು ಚೀಟಿ ಇಲ್ಲವೆಂದರು. ರಾತ್ರಿ ಎರಡು ಗಂಟೆಗೆ ಚೀಟಿ ಬರೆಯುವವರು ಯಾರು? ನಾಲ್ಕು ದಿನಗಳಲ್ಲಿ ಗಬ್ಬದ ಎಮ್ಮೆ ಹೋಯಿತು, ಹೆಂಡತಿಯ ಓಲೆ ಹೋಯಿತು. ಐದನೆಯ ದಿನ ಜಿಲ್ಲಾ ಆಸ್ಪತ್ರೆಯಲ್ಲಿ ಹಾಸಿಗೆ ಸಿಕ್ಕಿತು. ಆರನೆಯ ದಿನ ಗಂಡು ಕೂಸು ಹೋಯಿತು.

ನೆಂಟರು ಬಂದು, ಹೋಗುವುದಾದರೆ ಹೆಣ್ಣೇ ಹೋಗಬಾರದಿತ್ತೆ ಎಂದು ಆ ತಾಯಿಯ ಎದುರಿನಲ್ಲೇ ಅಂದರಂತೆ. ಇಂಥ ಮಾತಿಗೆ ನಾವು ಇಲ್ಲಿ ಉತ್ತರ ಬರೆದು ಶಾಯಿ ಕೆಡಿಸುವುದಿಲ್ಲ.

ಈ ಕೂಸುಗಳ ಉಸಿರಿನ ಕತೆಯನ್ನು ಓದುಗರು ತಿಳಿದಿರಬೇಕು. ಶ್ವಾಸಕೋಶದ ಸಣ್ಣ ಸಣ್ಣ ಗೂಡುಗಳು ಒಂದಕ್ಕೊಂದು ಅಂಟಿಕೊಳ್ಳದಂತೆ ಒಳಗೆ ಸಾಬೂನಿನ ನೊರೆಯಂಥ ಒಂದು ಪದಾರ್ಥವಿರುತ್ತದೆ. ತಿಂಗಳು ತುಂಬದ ಕೂಸಿನಲ್ಲಿ ಅದು ಸಾಲದು. ಪ್ರತಿ ಉಸಿರಿಗೂ ಅದು ಹೊಸದಾಗಿ ಬಲೂನು ಊದಿದಷ್ಟು ಕಷ್ಟಪಡಬೇಕು. ಇದನ್ನು ಮೇರಿ ಎಲೆನ್ ಏವರಿ ಎಂಬ ವೈದ್ಯೆ 1959ರಲ್ಲಿ ಕಂಡುಹಿಡಿದಳು. ನಾಲ್ಕು ವರ್ಷದ ಮೇಲೆ, 1963ರ ಆಗಸ್ಟಿನಲ್ಲಿ, ಅಮೆರಿಕದ ಅಧ್ಯಕ್ಷ ಕೆನೆಡಿಯವರ ಮಗ ಐದೂವರೆ ವಾರ ಮುಂಚೆ ಹುಟ್ಟಿದ. ತೂಕ ಎರಡು ಕಿಲೋಗ್ರಾಂ ಮೀರಿತ್ತು. ಜಗತ್ತಿನ ಅತಿ ಬಲಿಷ್ಠ ದೇಶದ ವೈದ್ಯರೆಲ್ಲ ಕೈಕಟ್ಟಿ ನಿಂತರೂ 39 ಗಂಟೆಯಲ್ಲಿ ಆ ಕೂಸು ತೀರಿಕೊಂಡಿತು. ಆಗ ಮದ್ದು ಯಾರಲ್ಲಿಯೂ ಇರಲಿಲ್ಲ. 1980ರಲ್ಲಿ ಜಪಾನಿನ ಫುಜಿವಾರಾ ಆ ನೊರೆಯ ಪದಾರ್ಥವನ್ನೇ ಕೂಸಿನ ಶ್ವಾಸನಾಳಕ್ಕೆ ಹಾಕಿ ಬದುಕಿಸಿ ತೋರಿಸಿದರು. ಇಂದು ಎರಡು ಕಿಲೋ ತೂಗುವ ಕೂಸನ್ನು ಈ ಕಾರಣಕ್ಕೆ ಕಳೆದುಕೊಳ್ಳುವುದು ಸುಸಜ್ಜಿತ ಆಸ್ಪತ್ರೆಗಳಲ್ಲಿ ಅಪರೂಪ. ಅಂದು ಅಧ್ಯಕ್ಷನ ಹಣಕ್ಕೆ ಸಿಗದಿದ್ದ ಮದ್ದು ಇಂದು ಸೀಸೆಯಲ್ಲಿ ದೊರೆಯುತ್ತದೆ, ಕೂಲಿಯವನ ಹಣಕ್ಕೆ ಸಿಗುವುದಿಲ್ಲ.

ಹಣದ ಮಾತು ಬಂದುದರಿಂದ ಇನ್ನೊಂದು ಸಂಗತಿ. ನ್ಯೂಯಾರ್ಕಿನ ಕೋನಿ ಐಲೆಂಡ್ ಎಂಬ ಜಾತ್ರೆಮೈದಾನದಲ್ಲಿ ಮಾರ್ಟಿನ್ ಕೂನಿ ಎಂಬಾತ 1903ರಿಂದ 1943ರವರೆಗೆ ಅಕಾಲ ಶಿಶುಗಳನ್ನು ಕಾವುಪೆಟ್ಟಿಗೆಯಲ್ಲಿಟ್ಟು ಸಾಕಿದ. ನೋಡಬಂದವರಿಂದ 25 ಸೆಂಟು ತೆಗೆದುಕೊಳ್ಳುತ್ತಿದ್ದ. ಕೂಸಿನ ತಂದೆತಾಯಿಗಳಿಂದ ಬಿಡಿಕಾಸೂ ಇಲ್ಲ. ಕೂಸುಗಳನ್ನು ಪ್ರದರ್ಶನಕ್ಕಿಟ್ಟದ್ದು ಸರಿಯಲ್ಲ, ಒಪ್ಪುತ್ತೇವೆ. ಆದರೆ ಕೆಲವು ನರ್ಸಿಂಗ್ ಹೋಮುಗಳ ಬಿಲ್ಲು ನೋಡಿದ ಮೇಲೆ ಆ ಜಾತ್ರೆಯ ಡೇರೆಯೇ ಲೇಸೆನಿಸುತ್ತದೆ.

ಹೆಣ್ಣು ಕೂಸು ಉಳಿಯಿತು. ಯಂತ್ರ ಅದನ್ನು ಉಳಿಸಿತೆಂದು ತಂದೆ ಹೇಳುತ್ತಾನೆ. ಅಲ್ಲಿನ ಹಿರಿಯ ದಾದಿ ಬೇರೆ ಮಾತು ಹೇಳಿದರು. ಮೂಗಿನ ನಳಿಗೆ ತೆಗೆದ ಮೇಲೆ ತಾಯಿಯನ್ನು ಒಳಗೆ ಕರೆದು, ಬರಿಮೈಯ ಕೂಸನ್ನು ಅವಳ ಎದೆಯ ಮೇಲೆ ಮಲಗಿಸಿ, ಮೇಲೊಂದು ಬಟ್ಟೆ ಸುತ್ತಿದರು. ಹಾಲನ್ನು ಹಿಂಡಿ ಒಳಲೆಯಲ್ಲಿ ತೊಟ್ಟುತೊಟ್ಟಾಗಿ ಕುಡಿಸಿದರು. ನಮ್ಮ ಅಜ್ಜಿಯರ ಅದೇ ಒಳಲೆ. ಆಸ್ಪತ್ರೆಯಲ್ಲಿ ಅದಕ್ಕೆ ಬೇರೆ ಹೆಸರು. ಎದೆಗವಚಿ ಸಾಕುವ ಈ ಕ್ರಮ 1978ರಲ್ಲಿ ಕೊಲಂಬಿಯಾದ ಬೊಗೊಟಾ ನಗರದ ಬಡವರ ಹೆರಿಗೆ ಆಸ್ಪತ್ರೆಯಲ್ಲಿ, ಕಾವುಪೆಟ್ಟಿಗೆಗಳು ಸಾಲದೆ, ಎಡ್ಗರ್ ರೇ ಎಂಬ ವೈದ್ಯರು ಆರಂಭಿಸಿದ್ದು. ದಿಲ್ಲಿಯ ಸಫ್ದರ್‌ಜಂಗ್ ಆಸ್ಪತ್ರೆಯೂ ಸೇರಿ ಐದು ದೇಶಗಳಲ್ಲಿ ನಡೆದು 2021ರಲ್ಲಿ ಪ್ರಕಟವಾದ ಪರೀಕ್ಷೆ, ಹುಟ್ಟಿದ ಕೂಡಲೇ ಹೀಗೆ ಮಾಡಿದರೆ ಮೊದಲ 28 ದಿನಗಳ ಸಾವು ನೂರಕ್ಕೆ 25ರಷ್ಟು ತಗ್ಗುವುದೆಂದು ತೋರಿಸಿತು. ನಮ್ಮ ಕೊಪ್ಪಳ ಜಿಲ್ಲೆಯಲ್ಲಿ ಸರಕಾರಿ ಆಸ್ಪತ್ರೆಗಳಲ್ಲೂ ಮನೆಗಳಲ್ಲೂ ಇದನ್ನು ನಡೆಸಿ ತೋರಿಸಿದ್ದಾರೆ.

ಹಾಗಾದರೆ ತಾಯಿ ಎಲ್ಲಿರಬೇಕು? ಕೂಸಿನ ಪಕ್ಕದಲ್ಲಿ. ಎಲ್ಲಿದ್ದಳು? ಹೆರಿಗೆ ವಾರ್ಡಿನಿಂದ ಬಿಡುಗಡೆಯಾದ ಮೇಲೆ ಮೆಟ್ಟಿಲ ಕೆಳಗೆ, ಚಾಪೆಯ ಮೇಲೆ, ಹಸಿಬಾಣಂತಿ. ಎರಡು ಗಂಟೆಗೊಮ್ಮೆ ಹಾಲು ಹಿಂಡಲು ಮೇಲಕ್ಕೆ ಹತ್ತಬೇಕು. ಊಟ ಗಂಡ ತಂದರೆ ಉಂಟು. ರೋಗಪೀಡಿತ ಶಿಶುವಿಗೆ ಔಷಧಿ, ಪರೀಕ್ಷೆ, ವಾಹನ ಎಲ್ಲ ಪುಕ್ಕಟೆ ಎಂದು 2011ರ ಜನನಿ ಶಿಶು ಸುರಕ್ಷಾ ಕಾರ್ಯಕ್ರಮ ಹೇಳಿತು. ಒಳ್ಳೆಯದು. ಆದರೆ ಆ ಒಂದೂವರೆ ತಿಂಗಳ ಎರಡು ಜನರ ಕೂಲಿಯನ್ನು ಯಾರು ಕೊಡುತ್ತಾರೆ? ಅಕಾಲ ಪ್ರಸವವಾದ ಹೆಂಗಸಿಗೆ ಸಂಬಳ ಸಹಿತ ಒಂದು ತಿಂಗಳ ಹೆಚ್ಚಿನ ರಜೆ ಎಂದು 1961ರ ಹೆರಿಗೆ ಸೌಲಭ್ಯ ಕಾನೂನಿನಲ್ಲಿಯೇ ಬರೆದರು. ಕಾರ್ಖಾನೆಯ ಹಾಜರಿ ಪುಸ್ತಕದಲ್ಲಿ ಹೆಸರಿದ್ದವಳಿಗೆ ಆ ಮಾತು. ಕಳೆ ಕೀಳುವವಳ ಹೆಸರು ಯಾವ ಪುಸ್ತಕದಲ್ಲಿದೆ? ಇಂಥ ಕೂಸುಗಳ ತಂದೆತಾಯಿಗಳಿಗೆ ವಿಶೇಷ ರಜೆ, ನೆರವು ಬೇಕೆಂದು ವಿಶ್ವ ಆರೋಗ್ಯ ಸಂಸ್ಥೆ 2022ರಲ್ಲಿ ಹೇಳಿತು. ಸಮಾಜವಾದಿಗಳು ಹೇಳಿದರೆ ಖಜಾನೆಯ ನೆಪ ಹೇಳುವ ಮಂತ್ರಿಗಳು ಅವರ ಮಾತನ್ನಾದರೂ ಕೇಳಲಿ.

ಯಂತ್ರ ಕೊಂಡು, ಫೋಟೊ ತೆಗೆಸಿ, ಕಲ್ಲು ನೆಡುವುದರಲ್ಲಿ ಸರಕಾರಕ್ಕೆ ಉತ್ಸಾಹ. ತಂತಿ ಪರೀಕ್ಷಿಸುವವನ, ಆಮ್ಲಜನಕದ ಬಾಕಿ ತೀರಿಸುವವನ ಫೋಟೊ ಯಾರೂ ತೆಗೆಯುವುದಿಲ್ಲ. 2017ರ ಆಗಸ್ಟಿನಲ್ಲಿ ಗೋರಖಪುರದಲ್ಲಿ ಏನಾಯಿತು, 2021ರ ಜನವರಿಯಲ್ಲಿ ಮಹಾರಾಷ್ಟ್ರದ ಭಂಡಾರಾ ಜಿಲ್ಲಾ ಆಸ್ಪತ್ರೆಯ ಶಿಶುಘಟಕಕ್ಕೆ ಬೆಂಕಿ ಬಿದ್ದು 10 ಕೂಸುಗಳು ಹೇಗೆ ಸತ್ತವು, 2024ರ ನವೆಂಬರಿನಲ್ಲಿ ಝಾನ್ಸಿಯಲ್ಲಿ ಅದೇ ಹೇಗೆ ಮರುಕಳಿಸಿತು, ಓದುಗರು ಮರೆತಿರಲಾರರು. ನಮ್ಮ ಜಿಲ್ಲೆಯ ಘಟಕದಲ್ಲಿ ಆ ರಾತ್ರಿ 19 ಕೂಸುಗಳಿಗೆ ಇಬ್ಬರು ದಾದಿಯರು, ಇಬ್ಬರೂ ಗುತ್ತಿಗೆಯವರು. ಅವರನ್ನು ದೂರುವವರು ಒಂದು ರಾತ್ರಿ ಅಲ್ಲಿ ನಿಂತು ನೋಡಲಿ.

ತಾಯಂದಿರಿಗೆ ಕೂಸಿನ ಪಕ್ಕದಲ್ಲೇ ಹಾಸಿಗೆ, ಎರಡು ಹೊತ್ತಿನ ಊಟ, ಕೂಸು ಆಸ್ಪತ್ರೆಯಲ್ಲಿರುವಷ್ಟು ದಿನ ಕನಿಷ್ಠ ಕೂಲಿ, ದಾದಿಯರಿಗೆ ಖಾಯಂ ನೌಕರಿ, ಪ್ರತಿ ಆರೋಗ್ಯ ಕೇಂದ್ರದಲ್ಲಿ ಆ ಚುಚ್ಚುಮದ್ದು: ಇಷ್ಟನ್ನು ಕೇಳಿ ಬರುವ ಸೋಮವಾರ ಪಕ್ಷದ ನಿಯೋಗ ಜಿಲ್ಲಾಧಿಕಾರಿಗಳನ್ನು ಕಾಣಲಿದೆ. ಹತ್ತು ಗಂಟೆಗೆ ಕಚೇರಿಯ ಮುಂದೆ ಸೇರಬೇಕು.

ನಮ್ಮ ಕಾರ್ಯಕರ್ತ ಆ ದಿನ ಬರಲಾರ. ಕೂಸಿನ ಕಣ್ಣಿನ ಪರೀಕ್ಷೆಯಿದೆ. ಇಷ್ಟು ಬೇಗ ಹುಟ್ಟಿದವರ ಕಣ್ಣಿನ ಹಿಂಪರದೆಯ ರಕ್ತನಾಳಗಳು ಅಡ್ಡಾದಿಡ್ಡಿ ಬೆಳೆದು ಕುರುಡಾಗುವ ಭಯವುಂಟು. ನಾಲ್ಕನೆಯ ವಾರದಿಂದಲೇ ನೋಡತೊಡಗಿದರೆ ತಡೆಯಬಹುದು. ಮೊದಲ ಪರೀಕ್ಷೆ ಆಸ್ಪತ್ರೆಯಲ್ಲೇ ಆಗಿದೆ, ಇದು ಎರಡನೆಯದು. ಕೂಸು ಈಗ 1,900 ಗ್ರಾಂ ತೂಗುತ್ತಿದೆ. ಶಿಸ್ತಿನ ಕ್ರಮ ಕೇಳಿ ಬರೆದ ಸಂಗಾತಿಗಳು ತಮ್ಮ ಕಾಗದವನ್ನು ಹಿಂದಕ್ಕೆ ಪಡೆದು, ಅವನ ಚಂದಾ ಬಾಕಿಯನ್ನು ತಾವೇ ಕಟ್ಟಿದ್ದಾರೆ.