‘ನೋ’ ಎಂಬ ಪುಟ್ಟ ದೀಪ

ಹಗಲೆಲ್ಲ ಕಾದ ಹೆಂಚಿನಂತಿದ್ದ ನೆಲ. ಮೈಲಿಗಟ್ಟಲೆ ಸಾಗಿದರೂ ಒಂದು ಮನೆ ಕಾಣದ ದಾರಿ. ಕತ್ತಲೆ ಕವಿಯುವ ಹೊತ್ತಿಗೆ ದೂರದಲ್ಲಿ ಕೆಂಪು, ನೀಲಿ ಬೆಳಕಿನ ಅಕ್ಷರಗಳು ಮೂಡುತ್ತವೆ. 1950ರ ಸುಮಾರಿನಲ್ಲಿ ಅಮೆರಿಕದ ಪಶ್ಚಿಮ ಮರುಭೂಮಿಗಳನ್ನು ಮೋಟಾರಿನಲ್ಲಿ ದಾಟುತ್ತಿದ್ದ ಸಂಸಾರಗಳು ಆ ಅಕ್ಷರಗಳಲ್ಲಿ ಮೊದಲು ಹುಡುಕುತ್ತಿದ್ದುದು ವಸತಿಗೃಹದ ಹೆಸರನ್ನಲ್ಲ. ‘ವೇಕೆನ್ಸಿ’, ಎಂದರೆ ಕೋಣೆ ಖಾಲಿ ಉಂಟು, ಎಂಬ ಪದದ ಮುಂದೆ ‘ನೋ’ ಎಂಬ ಪುಟ್ಟ ಪದವಿರುತ್ತಿತ್ತು. ಅದಕ್ಕೆ ಬೇರೆಯೇ ಗುಂಡಿ. ಕೊನೆಯ ಕೋಣೆ ತುಂಬಿದೊಡನೆ ಯಜಮಾನನು ಅದನ್ನು ಹೊತ್ತಿಸುವನು. ಅದು ಹೊತ್ತಿಲ್ಲವೆಂದರೆ ಆ ರಾತ್ರಿಗೆ ಸೂರು ದೊರೆಯಿತು. ದೀಪ ಆರಿಸೆನ್ನಲು ಅಂಜಿ ‘ದೊಡ್ಡದು ಮಾಡು’ ಎನ್ನುವ ಕನ್ನಡ ಮನೆಯವರಿಗೆ, ಆರಿದ ದೀಪ ಕಂಡು ಹಿಗ್ಗುವ ಈ ಪ್ರಯಾಣಿಕರ ಪರಿ ವಿಚಿತ್ರವೆನಿಸೀತು.

ಈ ಬೆಳಕಿನ ಮೂಲ ನಿಯಾನ್ ಎಂಬ ಅನಿಲ. 1898ರಲ್ಲಿ ಲಂಡನ್ನಿನಲ್ಲಿ ಅದನ್ನು ಕಂಡುಹಿಡಿದವರು ವಿಲಿಯಂ ರಾಮ್ಸೆ ಮತ್ತು ಮಾರಿಸ್ ಟ್ರಾವರ್ಸ್. ಇಬ್ಬರೂ ಕನ್ನಡನಾಡಿಗೆ ಅಪರಿಚಿತರಲ್ಲ. ಟಾಟಾ ಅವರು ಸಂಕಲ್ಪಿಸಿದ ವಿಜ್ಞಾನ ಮಂದಿರಕ್ಕೆ ಬೆಂಗಳೂರು ತಕ್ಕ ಸ್ಥಳವೆಂದು ಸೂಚಿಸಿದವರು ರಾಮ್ಸೆ. ಅದರ ಮೊದಲ ನಿರ್ದೇಶಕರಾದವರು ಟ್ರಾವರ್ಸ್.

ಫಲಕ ಮಾಡುವುದು ಕುಸುರಿನ ಕೆಲಸ. ಗಾಜಿನ ಕೊಳವೆಯನ್ನು ಉರಿಯಲ್ಲಿ ಕಾಯಿಸಿ, ಅದು ಮೆತ್ತಗಾದ ಕೆಲವೇ ಕ್ಷಣಗಳಲ್ಲಿ ಅಕ್ಷರದ ಅಚ್ಚಿಗೆ ಬಾಗಿಸಬೇಕು. ಬಾಗಿದೆಡೆಯಲ್ಲಿ ಕೊಳವೆ ಕುಸಿಯದಂತೆ ಕುಶಲಿಯು ರಬ್ಬರು ನಳಿಕೆಯಿಂದ ಉಸಿರೂದುತ್ತಿರುತ್ತಾನೆ. ಬಳಿಕ ಒಳಗಿನ ಗಾಳಿಯನ್ನು ಹೊರಸೆಳೆದು, ತುಸುವೇ ಅನಿಲ ತುಂಬಿ, ಸಾವಿರಾರು ವೋಲ್ಟಿನ ವಿದ್ಯುತ್ತು ಹಾಯಿಸಿದರೆ ಕೆಂಡದಂಥ ಕೆಂಪು. ನೀಲಿ ಬೇಕಾದರೆ ಆರ್ಗಾನ್ ಅನಿಲ, ಜೊತೆಗೊಂದು ಹನಿ ಪಾದರಸ.

ಆದರೆ ‘ನೋ’ ಆರಿದ್ದ ಮಾತ್ರಕ್ಕೆ ಎಲ್ಲರಿಗೂ ಬಾಗಿಲು ತೆರೆಯುತ್ತಿರಲಿಲ್ಲ. ಕಾರಿನಿಂದ ಇಳಿದವರು ಕಪ್ಪು ಜನಾಂಗದವರಾದರೆ ಖಾಲಿ ಕೋಣೆಯೂ ಎಷ್ಟೋ ಕಡೆ ತುಂಬಿಬಿಡುತ್ತಿತ್ತು. ತಮ್ಮನ್ನು ಒಳಗೆ ಬಿಡುವ ಮನೆಗಳ ಪಟ್ಟಿಯನ್ನು ಅವರು ಜೊತೆಗೊಯ್ಯಬೇಕಾಗಿತ್ತು. ಅಂಚೆಯವನಾಗಿದ್ದ ವಿಕ್ಟರ್ ಗ್ರೀನ್ ಅಂಥದೊಂದು ಕೈಪಿಡಿಯನ್ನು 1936ರಿಂದ ಅಚ್ಚುಮಾಡಿಸಿದನು. ಬಣ್ಣ ನೋಡಿ ಕೋಣೆ ನಿರಾಕರಿಸಬಾರದೆಂಬ ಕಾನೂನು ಬಂದುದು 1964ರಲ್ಲಿ. ಹಳೆಯ ಫಲಕಗಳನ್ನು ಕೊಂಡಾಡುವವರು ಈ ಮಾತನ್ನು ಮರೆಯುವುದೇ ಹೆಚ್ಚು.

ಹಾಗೆಂದು ಎಲ್ಲ ಯಜಮಾನರೂ ಒಂದೇ ಬಗೆಯಲ್ಲ. ಷಿಕಾಗೋವಿನಿಂದ ಕ್ಯಾಲಿಫೋರ್ನಿಯದ ಕಡಲವರೆಗೆ ಸುಮಾರು 3,900 ಕಿಲೋಮೀಟರು ಓಡುವ 66ನೆಯ ಹೆದ್ದಾರಿಯಲ್ಲಿ, ನ್ಯೂ ಮೆಕ್ಸಿಕೋದ ಟುಕುಮ್‌ಕ್ಯಾರಿ ಎಂಬ ಊರುಂಟು. ಅಲ್ಲಿಯ ‘ಬ್ಲೂ ಸ್ವಾಲೋ’ ಮೋಟೆಲಿನ ನೆತ್ತಿಯ ಮೇಲೆ ನೀಲಿ ಹಕ್ಕಿ. ಕೆಳಗೆ, ನೂರಕ್ಕೆ ನೂರು ತಂಪು ಗಾಳಿ ಉಂಟೆಂಬ ಜಂಬದ ಬರಹ. 1958ರಲ್ಲಿ ಲಿಲಿಯನ್ ರೆಡ್‌ಮನ್ ಎಂಬಾಕೆಗೆ ಇದು ನಿಶ್ಚಿತಾರ್ಥದ ಉಡುಗೊರೆಯಾಗಿ ದೊರೆಯಿತು. ಒಡವೆಗೆ ಬದಲು ವಸತಿಗೃಹ! ಹಣವಿಲ್ಲದೆ ಬಂದವರಿಂದ ಯಾವುದಾದರೊಂದು ವಸ್ತು ಪಡೆದು, ಕೆಲವರಿಗೆ ಪುಕ್ಕಟೆಯಾಗಿಯೇ, ಆಕೆ ಹಾಸಿಗೆ ಕೊಟ್ಟದ್ದುಂಟು. ಅಗಲವಾದ ಹೊಸ ರಸ್ತೆಗಳು ಬಂದು, 1985ರಲ್ಲಿ 66ನೆಯ ಹೆದ್ದಾರಿ ಸರಕಾರಿ ಪಟ್ಟಿಯಿಂದಲೇ ಅಳಿದುಹೋದ ಮೇಲೂ ಆಕೆ ಮೋಟೆಲನ್ನು ಬಿಡಲಿಲ್ಲ. 1998ರವರೆಗೆ ನಡೆಸಿದಳು. ಹಕ್ಕಿ ಆಕೆಯ ಕಾಲಾನಂತರವೂ ಉಳಿದಿದೆ.

ಮೊಹಾವಿ ಮರುಭೂಮಿಯ ಆಂಬೋಯ್‌ಗೆ ಆ ಭಾಗ್ಯವಿರಲಿಲ್ಲ. ಅಲ್ಲಿಯ ‘ರಾಯ್ಸ್’ ಮೋಟೆಲಿನ ಭಾರಿ ಫಲಕ ನಿಂತದ್ದು 1959ರಲ್ಲಿ. 1973ರಲ್ಲಿ ಹೊಸ ಹೆದ್ದಾರಿ ದೂರದಲ್ಲಿ ಹಾದುಹೋದದ್ದೇ ತಡ, ಊರಿಗೆ ಊರೇ ಬರಿದಾಯಿತು; ದೀಪವೂ ನಂದಿತು. 2019ರ ನವೆಂಬರಿನಲ್ಲಿ ದುರಸ್ತಿಯಾಗಿ ಅದು ಮತ್ತೆ ಬೆಳಗಿದಾಗ ನೋಡಲು ಜನ ನೆರೆದರು. ಮೋಟೆಲಿನ ಕೋಣೆಗಳು ಮಾತ್ರ ಆಗ ತೆರೆದಿರಲಿಲ್ಲ. ದೀಪ ನೋಡಿದವರು ಮಲಗಲು ಬೇರೆ ಊರಿಗೆ ಹೋಗಬೇಕಾಗಿತ್ತು.