ಮಗ್ಗಕ್ಕೆ ಅತ್ತವರು

ಫ್ರಾನ್ಸಿನ ಪ್ರಾಟೆಸ್ಟಂಟರಾದ ಹ್ಯೂಗೆನಾಟರ ಬಗ್ಗೆ ನಾನು ಓದಿದ ಪುಸ್ತಕಗಳಲ್ಲೆಲ್ಲ ಕೊನೆಗೆ ಒಂದೇ ಗೋಳು. ರೇಷ್ಮೆ ನೇಯುವವರು ಹೋದರು, ಗಡಿಯಾರ ಮಾಡುವವರು ಹೋದರು, ಪಾಪ, ಫ್ರಾನ್ಸಿಗೆ ನಷ್ಟವಾಯಿತು! ಥೂ. ಮನುಷ್ಯರು ಹೋದರು ಅಂತ ಬರೆಯೋಕೆ ಯಾಕಯ್ಯಾ ಪೆನ್ನು ಏಳಲಿಲ್ಲ?

1598ರಲ್ಲಿ ದೊರೆ ನಾಲ್ಕನೇ ಹೆನ್ರಿ ಈ ಪ್ರಾಟೆಸ್ಟಂಟರಿಗೆ ತಮ್ಮ ಮತದಲ್ಲೇ ಇರಲು ಬರೆದುಕೊಟ್ಟ ನಾಂಟ್ ಶಾಸನವನ್ನು ಮೊಮ್ಮಗ ಹದಿನಾಲ್ಕನೇ ಲೂಯಿ ಒಂದೇ ಸಲ ಹರಿಯಲಿಲ್ಲ. ಇಲಿಯ ಹಾಗೆ ಕಡಿದ. ಹೆಣವನ್ನು ನಸುಕಿನಲ್ಲೋ ಮುಸ್ಸಂಜೆಯಲ್ಲೋ ಹೂಳಬೇಕು. ಅವರ ಹೆಂಗಸು ಸೂಲಗಿತ್ತಿ ಕೆಲಸ ಮಾಡಕೂಡದು. ಏಳು ವರ್ಷದ ಕೂಸು ಕ್ಯಾಥೊಲಿಕ್ ಆಗ್ತೀನಿ ಅಂದರೆ ಸಾಕು, ಹೆತ್ತವರ ಮಾತು ನಡೆಯದು. ಮತ ಬಿಟ್ಟವರಿಗೆ ತಲೆಗಿಷ್ಟೆಂದು ದುಡ್ಡು. ಹಂಚುವ ಪೆಲ್ಲಿಸನ್ ತಾನೇ ಒಂದು ಕಾಲದ ಹ್ಯೂಗೆನಾಟ್! 1681ರಲ್ಲಿ ಪ್ವಾತೂ ಸೀಮೆಯ ಮನೆಮನೆಗೆ ಸಿಪಾಯಿಗಳನ್ನು ನುಗ್ಗಿಸಿದರು. ತಿನ್ನುವುದು ಇವರ ಅನ್ನ, ಒಡೆಯುವುದು ಇವರ ಪಾತ್ರೆ. ಮತ ಬಿಡುವ ತನಕ ನಿದ್ದೆಗೆಡಿಸಲು ನಗಾರಿ. 1685ರ ಅಕ್ಟೋಬರಿನಲ್ಲಿ ಫಾಂಟೆನ್‌ಬ್ಲೋ ಶಾಸನ ಬಂತು: ಬಹುಪಾಲು ಜನ ಮತ ಬದಲಿಸಿಯೇ ಆಗಿದೆ, ಇನ್ನು ಹಳೆಯ ಶಾಸನ ಯಾಕೆ? ಪಾದ್ರಿಗಳು 15 ದಿನದಲ್ಲಿ ದೇಶ ಬಿಡಬೇಕು. ಮಿಕ್ಕವರು ಬಿಡಕೂಡದು. ಗಡಿಯಲ್ಲಿ ಸಿಕ್ಕ ಗಂಡಸಿಗೆ ಹಡಗಿನ ಹುಟ್ಟು, ಕಾಲಿಗೆ ಸಂಕೋಲೆ. ಹೆಂಗಸಿಗೆ ಸೆರೆ.

ಇರಗೊಡೆ, ಹೋಗಗೊಡೆ. ಈ ನ್ಯಾಯ ನನಗೆ ಗೊತ್ತು ಸ್ವಾಮಿ.

"ನಿಮ್ಮೋರು ಒಳ್ಳೆ ಗೇಯೋರು ಕಣ್ಲಾ" ಅನ್ನುತ್ತಲೇ ನಮ್ಮೂರ ಗೌಡರು ಅಪ್ಪನ ಬೊಗಸೆಗೆ ಮೇಲಿಂದ ನೀರು ಹುಯ್ಯುತ್ತಿದ್ದರು. ನಾವು ಗಂಟುಮೂಟೆ ಕಟ್ಟಿ ಬೆಂಗಳೂರಿಗೆ ಹೊರಟ ದಿನ ಅದೇ ಬಾಯಿ, "ಇನ್ಮೇಲೆ ಗೇಯೋಕೆ ಆಳೆಲ್ಲಿ?" ಅಂತ ಗೊಣಗಿತು. ಅಪ್ಪನ ಹೆಸರು ಆ ಬಾಯಲ್ಲಿ ಬರಲಿಲ್ಲ.

ಲೂಯಿಗೆ ಕೋಟೆ ಕಟ್ಟಿಕೊಟ್ಟ ವೋಬಾನ್ 1689ರಲ್ಲಿ, ಗಡಿ ದಾಟಿ ತಪ್ಪಿಸಿಕೊಂಡ ಹ್ಯೂಗೆನಾಟರನ್ನು ವಾಪಸ್ ಕರೆಸಿ ಅಂತ ಬರೆದ. ಆ ಆಸ್ಥಾನದಲ್ಲಿ ಅಷ್ಟು ಹೇಳಲೂ ಎದೆಗಾರಿಕೆ ಬೇಕು, ಒಪ್ಪುತ್ತೇನೆ. ಆದರೆ ಅವನೂ ಎಣಿಸಿಕೊಟ್ಟ: 80,000ದಿಂದ 1,00,000 ತಲೆ, 3 ಕೋಟಿ ಲಿವ್ರ್ ನಾಣ್ಯ, ಇಷ್ಟು ನಾವಿಕರು, ಇಷ್ಟು ಸಿಪಾಯಿಗಳು. ಬಾಗಿಲು ತೆರೆದವರದೂ ಬರೀ ಕರುಣೆಯೇನಲ್ಲ. ಮೂವತ್ತು ವರ್ಷದ ಯುದ್ಧದಲ್ಲಿ ಪಾಳುಬಿದ್ದ ನೆಲಕ್ಕೆ ಜರ್ಮನ್ ಸೀಮೆಯ ಬ್ರಾಂಡೆನ್‌ಬರ್ಗಿನ ದೊರೆಗೆ ಕೈಗಳು ಬೇಕಿದ್ದವು. ಇನ್ನು ಓಡಿಹೋದವರಲ್ಲೇ 1688ರಲ್ಲಿ ಹಡಗಿಳಿದು ಆಫ್ರಿಕಾದ ದಕ್ಷಿಣ ತುದಿಯ ಕೇಪ್ ಸೇರಿದವರು ಖೊಯ್‌ಖೊಯ್ ಜನರ ನೆಲದಲ್ಲಿ ದ್ರಾಕ್ಷಿ ನೆಟ್ಟರು, ಗುಲಾಮರನ್ನು ಇಟ್ಟುಕೊಂಡರು.

ಒದೆ ತಿಂದವನಿಗೆ ಒದೆಯುವುದನ್ನು ಯಾರೂ ಕಲಿಸಬೇಕಾಗಿಲ್ಲ.

1730ರಲ್ಲಿ ಎಗ್‌ಮೋರ್ತ್ ಊರಿನ ಕಾನ್‌ಸ್ಟಾನ್ಸ್ ಗೋಪುರಕ್ಕೆ ಮಾರಿ ಡ್ಯೂರಾನ್ ಎಂಬ ಹುಡುಗಿಯನ್ನು ತಳ್ಳಿದರು. ಅವಳ ಅಣ್ಣ ಕದ್ದುಮುಚ್ಚಿ ಬೋಧಿಸುವ ಪಾದ್ರಿ. ಅವಳ ಅಪರಾಧ ಅದೇ. ಮತ ಬಿಟ್ಟೆ ಅಂದಿದ್ದರೆ ಕದ ತೆರೆಯುತ್ತಿತ್ತು. ಅನ್ನಲಿಲ್ಲ. ಹೊರಬಂದದ್ದು 1768ರಲ್ಲಿ, 38 ವರ್ಷಕ್ಕೆ. ಅವಳು ಯಾವ ದೇಶಕ್ಕೂ ಯಾವ ಮಗ್ಗವನ್ನೂ ಹೊತ್ತುಕೊಂಡು ಹೋಗಲಿಲ್ಲ. ಇವಳಿಂದ ಫ್ರಾನ್ಸಿಗೆ ಎಷ್ಟು ಲಿವ್ರ್ ನಷ್ಟವಾಯಿತು? ಪುಸ್ತಕ ಬರೆಯುವ ಪಂಡಿತರೇ, ಲೆಕ್ಕ ಹಾಕಿ ಹೇಳಿ.