ಪಿ.ಜಿ.ಡಿ.ಸಿ.ಎ.: ಒಂದು ವರ್ಷದಲ್ಲಿ ಕಲಿಯುವುದೇನು?

ಬಿ.ಎ., ಬಿ.ಕಾಂ., ಬಿ.ಎಸ್ಸಿ. ಮುಗಿಸಿ ಮುಂದೇನು ಎಂದು ಯೋಚಿಸುತ್ತಿರುವವರ ಕಿವಿಗೆ ಒಂದಲ್ಲ ಒಂದು ದಿನ ಬೀಳುವ ಹೆಸರು ಪಿ.ಜಿ.ಡಿ.ಸಿ.ಎ. 1990ರ ದಶಕದಲ್ಲಿ ತಾಲ್ಲೂಕು ಕೇಂದ್ರಗಳ ಬಸ್ ನಿಲ್ದಾಣದ ಎದುರಿನ ಮಹಡಿಗಳಲ್ಲೂ ಈ ಐದು ಅಕ್ಷರಗಳ ಬೋರ್ಡು ಕಾಣುತ್ತಿತ್ತು. ಬೋರ್ಡುಗಳು ಎಷ್ಟೋ ಇಳಿದು ಹೋದವು, ಕೋರ್ಸು ಮಾತ್ರ ಉಳಿದಿದೆ. ಹಲವು ವಿಶ್ವವಿದ್ಯಾಲಯಗಳು, ಇಂದಿರಾ ಗಾಂಧಿ ರಾಷ್ಟ್ರೀಯ ಮುಕ್ತ ವಿಶ್ವವಿದ್ಯಾಲಯ, ಖಾಸಗಿ ಸಂಸ್ಥೆಗಳು ಇದನ್ನು ಇಂದಿಗೂ ನಡೆಸುತ್ತಿವೆ. ಸೇರಲು ಬರುವವರು ಶುಲ್ಕ ಎಷ್ಟೆಂದು ಕೇಳುತ್ತಾರೆ, ಕೆಲಸ ಸಿಗುತ್ತದೆಯೇ ಎಂದು ಕೇಳುತ್ತಾರೆ. ಒಳಗೆ ಏನು ಕಲಿಸುತ್ತೀರಿ ಎಂದು ಕೇಳುವವರು ಕಡಿಮೆ. ಆ ಪ್ರಶ್ನೆಯನ್ನೇ ಇಂದು ನೋಡೋಣ.

ಮೊದಲಿಗೆ ಹೆಸರಿನಲ್ಲಿರುವ ‘ಸ್ನಾತಕೋತ್ತರ’ ಎಂಬ ಮಾತು. ಪದವಿಯ ನಂತರ ಸೇರಬಹುದಾದ ಕೋರ್ಸು ಎಂಬುದಷ್ಟೇ ಇದರ ಅರ್ಥ. ಕಂಪ್ಯೂಟರ್ ವಿಷಯದಲ್ಲಿ ಪದವಿ ಪಡೆದವರಿಗಿಂತ ಹೆಚ್ಚಿನದನ್ನು ಕಲಿಸುತ್ತಾರೆ ಎಂದಲ್ಲ. ಸಾಮಾನ್ಯವಾಗಿ ಯಾವ ಪದವಿಯಾದರೂ ಸಾಕು. ಅವಧಿ ಒಂದು ವರ್ಷ, ಎರಡು ಸೆಮಿಸ್ಟರ್. ಇತಿಹಾಸ ಓದಿದವರೂ ರಸಾಯನಶಾಸ್ತ್ರ ಓದಿದವರೂ ಒಂದೇ ಬೆಂಚಿನಲ್ಲಿ ಕೂರುವುದರಿಂದ ಪಾಠ ನೆಲದಿಂದಲೇ ಆರಂಭವಾಗುತ್ತದೆ. ಬಿ.ಸಿ.ಎ. ಓದುವವರು ಮೂರು ವರ್ಷದಲ್ಲಿ ಕಲಿಯುವುದರ ಮುಖ್ಯ ಭಾಗಗಳನ್ನು ಇವರು ಒಂದು ವರ್ಷದಲ್ಲಿ ಮುಟ್ಟಿ ಬರಬೇಕು. ಆದ್ದರಿಂದ ಯಾವುದಕ್ಕೆ ಎಷ್ಟು ಸಮಯ ಕೊಡಬೇಕು ಎಂಬ ಲೆಕ್ಕ ಇಲ್ಲಿ ಬಹಳ ಮುಖ್ಯ.

ಒಂದೊಂದು ವಿಶ್ವವಿದ್ಯಾಲಯದ ಪಠ್ಯಕ್ರಮ ಒಂದೊಂದು ರೀತಿ ಇದ್ದರೂ ಒಳಗಿನ ಸರಕು ಹೆಚ್ಚುಕಡಿಮೆ ಒಂದೇ. ಕಂಪ್ಯೂಟರಿನ ಮೂಲ ಪಾಠ, ಕಾರ್ಯಾಚರಣ ವ್ಯವಸ್ಥೆ, ಕಚೇರಿ ಬಳಕೆಯ ತಂತ್ರಾಂಶ, ಪ್ರೋಗ್ರಾಮಿಂಗ್, ದತ್ತಾಂಶ ನಿರ್ವಹಣೆ, ವ್ಯವಸ್ಥಾ ವಿಶ್ಲೇಷಣೆ, ಅಂತರಜಾಲ, ಕೊನೆಗೊಂದು ಪ್ರಾಜೆಕ್ಟ್. ಇವುಗಳಲ್ಲಿ ಬೇಗ ಹಳತಾಗುವವು ಕೆಲವು, ದಶಕಗಳಾದರೂ ಹಳತಾಗದವು ಕೆಲವು. ಈ ಎರಡನ್ನೂ ಬೇರ್ಪಡಿಸಿ ನೋಡುವ ವಿದ್ಯಾರ್ಥಿಗೆ ಕೊಟ್ಟ ಹಣ ದಕ್ಕುತ್ತದೆ.

ಅಕ್ಷರಕ್ಕೂ ಒಂದು ಸಂಖ್ಯೆ

ಮೂಲ ಪಾಠದಲ್ಲಿ ಎದುರಾಗುವುದು ಸೊನ್ನೆ ಮತ್ತು ಒಂದರ ಲೆಕ್ಕ. ನಮ್ಮ 13 ಕಂಪ್ಯೂಟರಿಗೆ 1101. ಇದನ್ನೇಕೆ ಕಲಿಯಬೇಕು ಎಂದು ಮುಖ ಸಿಂಡರಿಸುವವರು ಕನ್ನಡದ ಒಂದು ಹೆಸರನ್ನು ತೆಗೆದುಕೊಂಡು ನೋಡಬಹುದು. ಯೂನಿಕೋಡ್ ಪಟ್ಟಿಯಲ್ಲಿ ‘ಕ’ ಅಕ್ಷರದ ಸಂಖ್ಯೆ 3221. ಒತ್ತಕ್ಷರಗಳಿಗೆ ಬೇರೆ ಸಂಖ್ಯೆಗಳಿಲ್ಲ. ಅವು ವ್ಯಂಜನ, ಹಲಂತದ ಗುರುತು, ಮತ್ತೆ ವ್ಯಂಜನ ಹೀಗೆ ಸೇರಿ ಆಗುತ್ತವೆ. ‘ಲಕ್ಷ್ಮಿ’ ನಮ್ಮ ಕಣ್ಣಿಗೆ ಎರಡಕ್ಷರದ ಹೆಸರು. ಕಂಪ್ಯೂಟರಿನ ಸ್ಮೃತಿಯಲ್ಲಿ ಅದು ಲ, ಕ, ಹಲಂತ, ಷ, ಹಲಂತ, ಮ, ಗುಡಿಸು ಎಂದು ಏಳು ಸಂಖ್ಯೆ. ಯು.ಟಿ.ಎಫ್.-8 ಎಂಬ ಪದ್ಧತಿಯಲ್ಲಿ ಪ್ರತಿ ಸಂಖ್ಯೆಗೂ ಮೂರು ಬೈಟ್ ಹಿಡಿದು ಒಟ್ಟು 21 ಬೈಟ್ ಜಾಗ ಬೇಕು. ಹೆಸರಿಗೆ 20 ಬೈಟ್ ಸಾಕೆಂದು ಯಾರೋ ಎಲ್ಲೋ ಕೂತು ತೀರ್ಮಾನಿಸಿದರೆ ಲಕ್ಷ್ಮಿಯವರ ಹೆಸರು ಆ ಪಟ್ಟಿಯಲ್ಲಿ ಪೂರ್ತಿ ಹಿಡಿಸುವುದಿಲ್ಲ. ಅರ್ಜಿ, ಚೀಟಿಗಳಲ್ಲಿ ಕನ್ನಡ ಹೆಸರು ಅರ್ಧಕ್ಕೆ ಕತ್ತರಿಸಿ ಹೋಗುವುದಕ್ಕೆ ಇಂಥ ಲೆಕ್ಕ ತಪ್ಪುವುದೂ ಒಂದು ಕಾರಣ.

ಕಚೇರಿ ತಂತ್ರಾಂಶ: ಬೇಗ ಕಲಿತು ಮುಂದೆ ಹೋಗಿ

ಪತ್ರ ಬರೆಯುವ ವರ್ಡ್, ಲೆಕ್ಕದ ಎಕ್ಸೆಲ್, ಪರದೆಯ ಮೇಲೆ ವಿಷಯ ಮಂಡಿಸುವ ಪವರ್‌ಪಾಯಿಂಟ್ ಇವು ಎಲ್ಲ ಕಡೆಯೂ ಇವೆ. ಹಿಂದೆ ಇದೇ ಜಾಗದಲ್ಲಿ ವರ್ಡ್‌ಸ್ಟಾರ್, ಲೋಟಸ್ 1-2-3 ಇದ್ದವು. ಕಷ್ಟಪಟ್ಟು ಅವುಗಳ ಕೀಲಿ ಬಾಯಿಪಾಠ ಮಾಡಿದವರ ಶ್ರಮ ಕೆಲವೇ ವರ್ಷಗಳಲ್ಲಿ ಕೆಲಸಕ್ಕೆ ಬಾರದಾಯಿತು. ಲೆಕ್ಕದ ಹಾಳೆಯಲ್ಲಿ ಸೂತ್ರ ಬರೆಯುವ ಕ್ರಮ ಗೊತ್ತಿದ್ದವರು ಮಾತ್ರ ಲೋಟಸಿನಿಂದ ಎಕ್ಸೆಲ್‌ಗೆ ಸುಲಭವಾಗಿ ದಾಟಿಕೊಂಡರು. ಆದ್ದರಿಂದ ಯಾವ ಗುಂಡಿ ಎಲ್ಲಿದೆ ಎಂಬುದಕ್ಕಿಂತ ಸೂತ್ರ, ವಿಂಗಡಣೆ, ಸೋಸುವಿಕೆ ಇವುಗಳ ಕಡೆ ಗಮನವಿರಲಿ. ರಾಜ್ಯ ಸರ್ಕಾರಿ ನೌಕರರಿಗೆಂದು 2012ರ ನಿಯಮಗಳಂತೆ ನಡೆಯುವ ಕಂಪ್ಯೂಟರ್ ಸಾಕ್ಷರತಾ ಪರೀಕ್ಷೆಯಲ್ಲೂ ಕಚೇರಿ ಬಳಕೆಯ ಈ ಸಂಗತಿಗಳೇ ಮುಖ್ಯ. ಇಷ್ಟನ್ನೇ ಕಲಿಯಬೇಕೆಂದಿದ್ದರೆ ಒಂದು ವರ್ಷದ ಡಿಪ್ಲೊಮಾ ಬೇಕಿಲ್ಲ. ಎರಡು ಮೂರು ತಿಂಗಳ ಅಭ್ಯಾಸ ಸಾಕು.

ವಾಣಿಜ್ಯ ಪದವೀಧರರಿಗೆ ಟ್ಯಾಲಿ ಸೇರಿಸಿರುವ ಕಡೆ ಅದು ಉಪಯುಕ್ತ. 1986ರಲ್ಲಿ ಆರಂಭವಾದ, ಬೆಂಗಳೂರಿನಲ್ಲಿ ಕೇಂದ್ರ ಕಚೇರಿ ಇರುವ ಸಂಸ್ಥೆಯ ಈ ತಂತ್ರಾಂಶ ಅಂಗಡಿ ಮುಂಗಟ್ಟುಗಳ ಲೆಕ್ಕಪತ್ರದಲ್ಲಿ ಬೇರೂರಿದೆ. 2017ರ ಜುಲೈ 1ರಂದು ಜಿ.ಎಸ್.ಟಿ. ಬಂದ ಮೇಲೆ ತೆರಿಗೆಯ ಲೆಕ್ಕ ಇಡುವ ಕ್ರಮವೇ ಬದಲಾಯಿತು. ಹಳೆಯ ಕೈಪಿಡಿಯಿಂದ ಕಲಿಸುತ್ತಿದ್ದರೆ ಎಚ್ಚರ ವಹಿಸಬೇಕು.

ಪ್ರೋಗ್ರಾಮಿಂಗ್ ಎಂಬ ಕಬ್ಬಿಣದ ಕಡಲೆ

ಬಹಳಷ್ಟು ಮಂದಿ ಎಡವುವುದು ಇಲ್ಲಿ. ಹೆಚ್ಚಿನ ಕಡೆ ಮೊದಲ ಭಾಷೆ ‘ಸಿ’. ಅಮೆರಿಕದ ಬೆಲ್ ಪ್ರಯೋಗಾಲಯದಲ್ಲಿ ಡೆನ್ನಿಸ್ ರಿಚಿ 1972ರ ಸುಮಾರಿಗೆ ರೂಪಿಸಿದ ಭಾಷೆ ಇದು. ಐವತ್ತು ವರ್ಷ ದಾಟಿದರೂ ತರಗತಿ ಬಿಟ್ಟಿಲ್ಲ. ಈಚಿನ ಪಠ್ಯಕ್ರಮಗಳಲ್ಲಿ ಜಾವಾ ಅಥವಾ 1991ರಲ್ಲಿ ಬಂದ ಪೈಥಾನ್ ಕೂಡ ಸೇರಿವೆ. ಯಾವ ಭಾಷೆ ಎಂಬುದು ಅಷ್ಟು ದೊಡ್ಡ ವಿಷಯವಲ್ಲ. ಒಂದು ಕೆಲಸವನ್ನು ಮೆಟ್ಟಿಲು ಮೆಟ್ಟಿಲಾಗಿ ಒಡೆದು, ಯಾವ ಮೆಟ್ಟಿಲನ್ನೂ ಊಹೆಗೆ ಬಿಡದೆ ಬರೆಯುವುದು ಇಲ್ಲಿ ಕಲಿಯಬೇಕಾದ ವಿದ್ಯೆ.

ಕಿಟೆಲ್ ಅವರ ಕನ್ನಡ–ಇಂಗ್ಲಿಷ್ ನಿಘಂಟು 1894ರಲ್ಲಿ ಪ್ರಕಟವಾಯಿತು. ಅದರಲ್ಲಿ ಸುಮಾರು 70 ಸಾವಿರ ಪದಗಳಿವೆ. ಒಂದು ಪದ ಹುಡುಕಲು ಮೊದಲ ಪುಟದಿಂದ ಒಂದೊಂದೇ ನೋಡುತ್ತಾ ಹೋದರೆ ದಿನಗಟ್ಟಲೆ ಬೇಕು. ಸರಿಯಾಗಿ ನಡುವೆ ತೆರೆದು, ಬೇಕಾದ ಪದ ಹಿಂದಿದೆಯೋ ಮುಂದಿದೆಯೋ ನೋಡಿ, ಬೇಡದ ಅರ್ಧವನ್ನು ಬಿಟ್ಟು, ಉಳಿದರ್ಧದ ನಡುವೆ ಮತ್ತೆ ತೆರೆಯುತ್ತಾ ಹೋದರೆ ಹೆಚ್ಚೆಂದರೆ 17 ಸಲದಲ್ಲಿ ಪದ ಕೈಗೆ ಸಿಗುತ್ತದೆ. ಪದಗಳು ಅಕಾರಾದಿಯಾಗಿ ಇರಬೇಕು, ಅಷ್ಟೆ. ಹಾಗಾದರೆ ಜೋಡಿಸಿಡುವ ಖರ್ಚು ಎಷ್ಟು? ಹೊಸ ಪದ ಬಂದರೆ ಎಲ್ಲಿ ತೂರಿಸುವುದು? ಈ ಪ್ರಶ್ನೆಗಳಿಗೆ ಉತ್ತರ ಹುಡುಕುವ ವಿಷಯಕ್ಕೆ ‘ಡೇಟಾ ಸ್ಟ್ರಕ್ಚರ್ಸ್’ ಎಂದು ಹೆಸರು. ಉತ್ತರ ಪತ್ರಿಕೆಗೆಂದು ಹತ್ತು ಪ್ರೋಗ್ರಾಂ ಉರು ಹೊಡೆದವರು ಪಾಸಾಗಬಹುದು. ಆದರೆ ಹನ್ನೊಂದನೆಯದು ಎದುರಾದಾಗ ಕೈ ಕಟ್ಟಿ ಕೂರಬೇಕಾಗುತ್ತದೆ.

ಈಗ ಕೃತಕ ಬುದ್ಧಿಮತ್ತೆಯ ಸಾಧನಗಳೇ ಪ್ರೋಗ್ರಾಂ ಬರೆದುಕೊಡುತ್ತವಲ್ಲ, ನಾವೇಕೆ ಕಲಿಯಬೇಕು ಎಂದು ಕೇಳುವವರುಂಟು. ಬರೆದುಕೊಟ್ಟದ್ದು ಸರಿಯೋ ತಪ್ಪೋ ಎಂದು ಹೇಳಲು ಓದಲು ಬರಬೇಕು. ಬೇಕಾದದ್ದನ್ನು ಸ್ಪಷ್ಟವಾಗಿ ಹೇಳಲು ಮೆಟ್ಟಿಲು ಒಡೆಯುವುದು ತಿಳಿದಿರಬೇಕು. ಟೈಪು ಮಾಡುವ ಶ್ರಮ ಕಡಿಮೆಯಾಗಿದೆ, ಯೋಚಿಸುವುದು ಕಡಿಮೆಯಾಗಿಲ್ಲ.

ಹಾಲಿನ ಸಂಘದ ಪುಸ್ತಕ

ಡಿಪ್ಲೊಮಾದ ಅತಿ ಬೆಲೆಯುಳ್ಳ ಪಾಠ ಯಾವುದೆಂದು ಕೇಳಿದರೆ ದತ್ತಾಂಶ ನಿರ್ವಹಣೆ ಎನ್ನಬೇಕು. ಹಿಂದೆ ಡಿಬೇಸ್, ಫಾಕ್ಸ್‌ಪ್ರೊ ಕಲಿಸುತ್ತಿದ್ದರು. ಫಾಕ್ಸ್‌ಪ್ರೊದ ಕೊನೆಯ ಆವೃತ್ತಿಗೂ 2015ರಲ್ಲಿ ಮೈಕ್ರೋಸಾಫ್ಟ್ ಬೆಂಬಲ ನಿಲ್ಲಿಸಿತು. ಈಗ ಒರಾಕಲ್, ಮೈಎಸ್‌ಕ್ಯುಎಲ್ ಮುಂತಾದವುಗಳ ಕಾಲ. ಇವೆಲ್ಲದರ ಹಿಂದಿರುವುದು ಐ.ಬಿ.ಎಂ. ಸಂಸ್ಥೆಯಲ್ಲಿದ್ದ ಎಡ್ಗರ್ ಕಾಡ್ 1970ರಲ್ಲಿ ಮಂಡಿಸಿದ ವಿಚಾರ: ಮಾಹಿತಿಯನ್ನು ಕೋಷ್ಟಕಗಳಲ್ಲಿ ಇಡು, ಕೋಷ್ಟಕಗಳ ನಡುವೆ ಸಂಬಂಧ ಕಲ್ಪಿಸು.

ನಮ್ಮ ಹಳ್ಳಿಯ ಹಾಲು ಉತ್ಪಾದಕರ ಸಂಘವನ್ನೇ ನೋಡಿ. ಸದಸ್ಯರು ಬೆಳಿಗ್ಗೆ, ಸಂಜೆ ಹಾಲು ಹಾಕುತ್ತಾರೆ. ವರ್ಷಕ್ಕೆ ಒಬ್ಬರದೇ 730 ನಮೂದು. ಪ್ರತಿ ನಮೂದಿನಲ್ಲೂ ಹೆಸರು, ಊರು, ಬ್ಯಾಂಕ್ ಖಾತೆ ಸಂಖ್ಯೆ ಬರೆಯುತ್ತಾ ಹೋದರೆ, ಖಾತೆ ಬದಲಾದ ದಿನ 730 ಕಡೆ ತಿದ್ದಬೇಕು. ಒಂದು ಕಡೆ ಬಿಟ್ಟುಹೋದರೂ ಯಾವುದು ಸರಿ ಎಂಬ ಗೊಂದಲ. ಸದಸ್ಯರ ಕೋಷ್ಟಕ ಒಂದು, ಹಾಲಿನ ನಮೂದಿನ ಕೋಷ್ಟಕ ಇನ್ನೊಂದು, ಜಿಡ್ಡಿನ ಅಂಶಕ್ಕೆ ತಕ್ಕ ದರದ ಕೋಷ್ಟಕ ಮತ್ತೊಂದು ಎಂದು ಬೇರ್ಪಡಿಸಿ, ಸದಸ್ಯ ಸಂಖ್ಯೆಯಿಂದ ಬೆಸೆದರೆ ತಿದ್ದುಪಡಿ ಒಂದೇ ಕಡೆ. ಪಠ್ಯಪುಸ್ತಕ ‘ನಾರ್ಮಲೈಸೇಷನ್’ ಎಂದು ಕರೆಯುವುದು ಇದನ್ನೇ.

ಇನ್ನು ಪ್ರಶ್ನೆ ಕೇಳುವ ವಿದ್ಯೆ. ಕಳೆದ ವಾರ ಅತಿ ಹೆಚ್ಚು ಹಾಲು ಹಾಕಿದವರು ಯಾರು ಎಂಬುದಕ್ಕೆ ಉತ್ತರ ನಮೂದಿನ ಕೋಷ್ಟಕದಲ್ಲೇ ಇದೆ. ಒಂದು ದಿನವೂ ಹಾಲು ಹಾಕದವರು ಯಾರು? ಅವರ ಹೆಸರು ಆ ಪುಸ್ತಕದಲ್ಲಿ ಇರುವುದೇ ಇಲ್ಲ! ಸದಸ್ಯರ ಪಟ್ಟಿಯನ್ನು ಎದುರಿಗಿಟ್ಟು ತಾಳೆ ನೋಡಿದರೆ ಮಾತ್ರ ಸಿಗುತ್ತದೆ. ಎಸ್.ಕ್ಯು.ಎಲ್. ಭಾಷೆಯಲ್ಲಿ ಇದು ನಾಲ್ಕೈದು ಸಾಲಿನ ಕೆಲಸ. ಆದರೆ ಇಲ್ಲದವರನ್ನು ಹುಡುಕಬೇಕಾದರೆ ಎಲ್ಲಿಂದ ಆರಂಭಿಸಬೇಕು ಎಂಬುದು ಹೊಳೆಯಬೇಕು. ಪಡಿತರ ಪಡೆಯದವರು, ಶಾಲೆಗೆ ಬಾರದ ಮಕ್ಕಳು, ಪಿಂಚಣಿ ತಲುಪದ ವೃದ್ಧರು, ಎಲ್ಲರನ್ನೂ ಹುಡುಕುವ ದಾರಿ ಇದೇ.

ಭೂಮಿ ಕಲಿಸುವ ಪಾಠ

‘ಸಿಸ್ಟಮ್ಸ್ ಅನಾಲಿಸಿಸ್’ ಅಥವಾ ವ್ಯವಸ್ಥಾ ವಿಶ್ಲೇಷಣೆ ಒಣ ವಿಷಯವೆಂದು ವಿದ್ಯಾರ್ಥಿಗಳು ದೂರವಿಡುತ್ತಾರೆ. ಆದರೆ ಇದಕ್ಕೆ ನಮ್ಮ ಕಣ್ಣೆದುರೇ ದೊಡ್ಡ ಉದಾಹರಣೆಯಿದೆ. 2000ದ ಆಸುಪಾಸಿನಲ್ಲಿ ಕರ್ನಾಟಕ ಸರ್ಕಾರ ‘ಭೂಮಿ’ ಯೋಜನೆಯಡಿ ಸುಮಾರು 2 ಕೋಟಿ ಪಹಣಿಗಳನ್ನು ಕಂಪ್ಯೂಟರಿಗೆ ಹಾಕಿಸಿತು. ತಂತ್ರಾಂಶ ರೂಪಿಸಿದ್ದು ರಾಷ್ಟ್ರೀಯ ಮಾಹಿತಿ ವಿಜ್ಞಾನ ಕೇಂದ್ರ. ಕೈಬರಹದ ಪುಸ್ತಕವನ್ನು ಹಾಗೆಯೇ ಟೈಪು ಮಾಡಿಸಿ ಅಷ್ಟಕ್ಕೇ ಬಿಟ್ಟಿದ್ದರೆ ಅದು ಬರೀ ಟೈಪಿಂಗ್ ಕೆಲಸವಾಗುತ್ತಿತ್ತು. ಖಾತೆ ಬದಲಾವಣೆಯ ಅರ್ಜಿಗಳನ್ನು ಬಂದ ಸರದಿಯಲ್ಲೇ ತೆಗೆದುಕೊಳ್ಳಬೇಕೆಂಬ ನಿಯಮವನ್ನು ತಂತ್ರಾಂಶದೊಳಗೇ ಕೂರಿಸಿದರು. ತಿದ್ದುಪಡಿ ಮಾಡುವ ಅಧಿಕಾರಿ ಬೆರಳಚ್ಚು ಕೊಟ್ಟು ಒಳಹೋಗಬೇಕೆಂದು ಮಾಡಿದರು. ಯಾರ ಕಡತ ಮೇಲೆ, ಯಾರದು ಕೆಳಗೆ ಎಂಬ ತೀರ್ಮಾನ ಮೇಜಿನಿಂದ ಯಂತ್ರಕ್ಕೆ ಹೋಯಿತು. ಹೀಗೆ ಒಂದು ಕಚೇರಿಯಲ್ಲಿ ಕಾಗದ ಎಲ್ಲಿ ನಿಲ್ಲುತ್ತದೆ, ಏಕೆ ನಿಲ್ಲುತ್ತದೆ, ಯಾರ ಸಹಿಗೆ ಕಾಯುತ್ತದೆ ಎಂದು ಪತ್ತೆ ಹಚ್ಚುವುದೇ ವ್ಯವಸ್ಥಾ ವಿಶ್ಲೇಷಣೆ. ಇದಕ್ಕೆ ಗಣಿತಕ್ಕಿಂತ ಹೆಚ್ಚಾಗಿ ಜನರ ಜೊತೆ ಮಾತಾಡುವ ತಾಳ್ಮೆ ಬೇಕು. ಕಲಾ ಪದವೀಧರರು ಯಾರಿಗೂ ಹಿಂದೆ ಬೀಳಬೇಕಾಗಿಲ್ಲದ ವಿಷಯ ಇದು.

ಪ್ರಾಜೆಕ್ಟ್ ಕೊಳ್ಳಬೇಡಿ

ಎರಡನೆಯ ಸೆಮಿಸ್ಟರಿನ ಪ್ರಾಜೆಕ್ಟ್‌ನಲ್ಲಿ ಇದೆಲ್ಲವೂ ಒಟ್ಟುಗೂಡಬೇಕು. ದುರದೃಷ್ಟವೆಂದರೆ ಸಿದ್ಧ ಪ್ರಾಜೆಕ್ಟ್ ವರದಿಗಳು ದುಡ್ಡಿಗೆ ಸಿಗುತ್ತವೆ. ಹೆಸರು ಬದಲಿಸಿ ರಟ್ಟು ಹಾಕಿಸಿದರೆ ಮುಗಿಯಿತು. ವರ್ಷದ ಶುಲ್ಕ ಕಟ್ಟಿ, ಕಲಿಯಬೇಕಾದ ಮುಖ್ಯ ಭಾಗವನ್ನು ಮತ್ತೆ ದುಡ್ಡು ಕೊಟ್ಟು ತಪ್ಪಿಸಿಕೊಂಡಂತೆ. ಸಂದರ್ಶನದಲ್ಲಿ ಕೇಳುವುದು ಇದನ್ನೇ: ಎಷ್ಟು ಕೋಷ್ಟಕ ಮಾಡಿದಿರಿ? ಏಕೆ ಅಷ್ಟೇ? ಒಂದು ಖಾತೆಯಿಂದ ಹಣ ಕಳೆದು ಇನ್ನೊಂದಕ್ಕೆ ಕೂಡುವಷ್ಟರಲ್ಲಿ ಕರೆಂಟು ಹೋದರೆ ನಿಮ್ಮ ಪ್ರೋಗ್ರಾಂ ಏನು ಮಾಡುತ್ತದೆ? ತಾನೇ ಬರೆದವರು ತಡವರಿಸಿಯಾದರೂ ಉತ್ತರಿಸುತ್ತಾರೆ. ಕೊಂಡವರು ಮುಖ ಮುಖ ನೋಡುತ್ತಾರೆ.

ದೊಡ್ಡ ವಿಷಯ ಬೇಡ. ಊರಿನ ಗ್ರಂಥಾಲಯ, ದಿನಸಿ ಅಂಗಡಿ, ಸಹಕಾರ ಸಂಘ ಯಾವುದಾದರೂ ಸಾಕು. ಎರಡು ದಿನ ಅಲ್ಲಿ ಕೂತು ಅವರು ಬರೆಯುವ ಪುಸ್ತಕಗಳನ್ನು ನೋಡಿ. ಕಂಪ್ಯೂಟರ್ ಮುಟ್ಟುವ ಮೊದಲು ಕಾಗದದ ಮೇಲೆ ಕೋಷ್ಟಕ ಬರೆದು, ಅಲ್ಲಿಯ ಗುಮಾಸ್ತರಿಗೆ ತೋರಿಸಿ. ಅವರು ‘ಸಾಲ ಹೇಳಿ ಹೋದವರದ್ದು ಎಲ್ಲಿ ಬರೆಯೋದು?’ ಎಂದು ಕೇಳುವ ಒಂದು ಪ್ರಶ್ನೆ ಎಷ್ಟೋ ಪುಟಗಳ ಪಾಠಕ್ಕೆ ಸಮ.

ಈ ಡಿಪ್ಲೊಮಾ ಏನನ್ನು ಕೊಡುವುದಿಲ್ಲ ಎಂಬುದೂ ಗೊತ್ತಿರಲಿ. ತಂತ್ರಾಂಶ ಕಂಪನಿಗಳ ಹುದ್ದೆಗೆ ಬಿ.ಇ., ಎಂ.ಸಿ.ಎ. ಮಾಡಿದವರೊಡನೆ ಸ್ಪರ್ಧಿಸಬೇಕಾಗುತ್ತದೆ. ಮುಂದೆ ಎಂ.ಸಿ.ಎ. ಓದುವ ಯೋಚನೆಯಿದ್ದರೆ, 2020–21ರಿಂದ ಅದು ಎರಡು ವರ್ಷದ ಕೋರ್ಸು, ಪಿ.ಯು.ಸಿ. ಅಥವಾ ಪದವಿಯಲ್ಲಿ ಗಣಿತ ಓದಿರಬೇಕೆಂಬ ಷರತ್ತನ್ನು ಮೊದಲೇ ವಿಚಾರಿಸಿಕೊಳ್ಳಿ. ಸರ್ಕಾರಿ ಹುದ್ದೆಯ ಆಸೆಯಿದ್ದರೆ ಪ್ರಮಾಣಪತ್ರ ಕೊಡುವುದು ವಿಶ್ವವಿದ್ಯಾಲಯವೋ ಖಾಸಗಿ ಸಂಸ್ಥೆಯೋ ಎಂಬುದು ಮುಖ್ಯವಾಗುತ್ತದೆ.

ಸೇರುವ ಮುನ್ನ ನಾಲ್ಕು ಪ್ರಶ್ನೆ ಕೇಳಿ. ಪಠ್ಯಕ್ರಮ ಕೊನೆಯ ಬಾರಿ ಪರಿಷ್ಕರಣೆಯಾದದ್ದು ಯಾವ ವರ್ಷ? ವಾರಕ್ಕೆ ಎಷ್ಟು ಗಂಟೆ ಒಂದು ಕಂಪ್ಯೂಟರ್ ನನ್ನೊಬ್ಬನಿಗೇ ಸಿಗುತ್ತದೆ? ಸಿ ಮತ್ತು ಎಸ್.ಕ್ಯು.ಎಲ್. ಕಲಿಸುವವರು ಯಾರು? ಪ್ರಾಜೆಕ್ಟ್‌ಗೆ ಮಾರ್ಗದರ್ಶನ ಮಾಡುವವರು ಯಾರು? ಕೊನೆಗೆ, ಹಿಂದಿನ ವರ್ಷದ ಎರಡು ಪ್ರಾಜೆಕ್ಟ್ ವರದಿ ತೋರಿಸಿ ಎಂದು ಕೇಳಿ. ಎರಡೂ ಒಂದೇ ಅಚ್ಚಿನಲ್ಲಿ ಎರೆದಂತಿದ್ದರೆ ಶುಲ್ಕದ ಹಣ ಜೇಬಿನಲ್ಲೇ ಇರಲಿ. ಇನ್ನೊಂದು ಕಾಲೇಜು ನೋಡಿ.